ಕೆರೆಯಂಗಳದ ಆಟ, ರಾತ್ರಿಯ ಕೊನೆಯ ಬಸ್ಸು: ಬೆಂಗಳೂರಿನ ಕ್ರೀಡಾಂಗಣಗಳು ಮತ್ತು ಸಾರಿಗೆಯ ಇತಿಹಾಸ

ಬೆಂಗಳೂರಿನ ಹಳೆಯ ಕ್ರೀಡಾಂಗಣಗಳೆಲ್ಲ ಊರ ಹೊರವಲಯದಲ್ಲಿರದೆ ಬಸ್ ನಿಲ್ದಾಣಗಳಿಗೂ ರೈಲು ನಿಲ್ದಾಣಗಳಿಗೂ ಸಮೀಪದಲ್ಲಿ, ನಗರದ ನಡುಭಾಗದಲ್ಲೇ ಏಕೆ ಉಳಿದಿವೆ ಎಂಬುದನ್ನು ತಿಳಿಯಬೇಕಾದರೆ ಆಟದ ಚರಿತ್ರೆಗಿಂತ ಮೊದಲು ನೀರಿನ ಚರಿತ್ರೆಯನ್ನು ನೋಡಬೇಕಾಗುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಕೊಳವೆಯ ನೀರು ಹರಿದುಬಂದ ಮೇಲೆ, ಅದುವರೆಗೆ ಪೇಟೆಗೆ ನೀರುಣಿಸುತ್ತಿದ್ದ ಕೆರೆಗಳು ಒಂದೊಂದಾಗಿ ಉಪಯೋಗ ಕಳೆದುಕೊಂಡು, ಬತ್ತಿ, ಸರ್ಕಾರದ ಕೈಯಲ್ಲಿ ಉಳಿದ ಬಯಲುಗಳಾದವು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ, ಶೂಲೆ ಕೆರೆಯ ಜಾಗದಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ತಲೆಯೆತ್ತಿದವು. ಧರ್ಮಾಂಬುಧಿ ಕೆರೆಯ ಅಂಗಳವು ಮುಂದೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಹತ್ತಿರವಿದ್ದ ಚಿತ್ರಮಂದಿರದ ಹೆಸರಿನಿಂದ ಜನ ಅದನ್ನು ಇಂದಿಗೂ ಮೆಜೆಸ್ಟಿಕ್ ಎಂದೇ ಕರೆಯುತ್ತಾರೆ. ಹೀಗೆ ಆಟದ ಬಯಲೂ ಬಸ್ಸಿನ ಬಯಲೂ ಒಂದೇ ಬಗೆಯ ನೆಲದಿಂದ ಹುಟ್ಟಿದವು. ಕಂಠೀರವ ಕ್ರೀಡಾಂಗಣದ ಆವರಣದ ಮೂಲೆಯೊಂದರಲ್ಲಿ ಇಂದಿಗೂ ಒಂದು ಸಣ್ಣ ಚೌಕಾಕಾರದ ಕೊಳವನ್ನು ಉಳಿಸಿಕೊಳ್ಳಲಾಗಿದ್ದು, ಕರಗದ ಆಚರಣೆಗಳ ಕೆಲವು ವಿಧಿಗಳು ಅಲ್ಲಿ ನಡೆಯುತ್ತವೆ. ಸಂಪಂಗಿ ಕೆರೆಯ ಗುರುತಾಗಿ ಉಳಿದಿರುವುದು ಅಷ್ಟೇ.

ಇನ್ನೊಂದು ಬಗೆಯ ನೆಲ ದಂಡಿನದು. 1809ರಲ್ಲಿ ಬ್ರಿಟಿಷರು ಸೇನಾ ನೆಲೆಯಾಗಿ ಕಟ್ಟಿದ ದಂಡು ಪ್ರದೇಶವೂ ಕೆಂಪೇಗೌಡನ ಕಾಲದ ಪೇಟೆಯೂ ಬಹುಕಾಲ ಎರಡು ಬೇರೆ ಊರುಗಳಾಗಿದ್ದು, ನಡುವೆ ಕಬ್ಬನ್ ಉದ್ಯಾನವಿದ್ದುದರಿಂದ, ಸಾರಿಗೆಯೂ ಎರಡು ಕೇಂದ್ರಗಳ ಸುತ್ತ ಬೆಳೆಯಿತು: ಪೇಟೆಯ ಕಡೆ ಮೆಜೆಸ್ಟಿಕ್, ದಂಡಿನ ಕಡೆ ಶಿವಾಜಿನಗರ. ರೈಲು ಕೂಡ ಮೊದಲು ಬಂದದ್ದು ದಂಡಿಗೆ, 1864ರಲ್ಲಿ. ಪೇಟೆಯ ರೈಲು ನಿಲ್ದಾಣ ಆಮೇಲಿನದು. 1940ರಲ್ಲಿ ಆರಂಭವಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ಈ ಎರಡು ಊರುಗಳನ್ನು ಬಸ್ಸಿನ ಮೂಲಕ ಹೆಣೆಯಿತು. 1956ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಅಂದರೆ ಬಿಟಿಎಸ್, ಎಂಬ ಹೆಸರಿನಲ್ಲಿ ನಡೆಸತೊಡಗಿತು. ಮುಂದೆ ಮೈಸೂರು ಪ್ರಾಂತ್ಯದ ಕ್ರಿಕೆಟ್ ಸಂಸ್ಥೆಗೆ ಸ್ವಂತ ಮೈದಾನ ಬೇಕಾದಾಗ ಅದಕ್ಕೆ ಸಿಕ್ಕಿದ್ದು ಈ ಎರಡು ಕೇಂದ್ರಗಳ ನಡುವೆ, ಉದ್ಯಾನಕ್ಕೂ ಪೆರೇಡ್ ಮೈದಾನಕ್ಕೂ ಅಂಟಿಕೊಂಡಿದ್ದ ಸೇನೆಯ ನೆಲ. ಅದುವರೆಗೆ ಪ್ರಥಮ ದರ್ಜೆಯ ಪಂದ್ಯಗಳು ಪೇಟೆಗೆ ಹತ್ತಿರದ ಸೆಂಟ್ರಲ್ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದವು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್ ಪಂದ್ಯದೊಂದಿಗೆ ಹೊಸ ಮೈದಾನ ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ತೆರೆದುಕೊಂಡಿತು, ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಜೀವನವನ್ನು ಆರಂಭಿಸಿದ್ದು ಅಲ್ಲಿಯೇ. ಸಂಸ್ಥೆಯ ಅಧ್ಯಕ್ಷರಾಗಿದ್ದ ಎಂ. ಚಿನ್ನಸ್ವಾಮಿ ಅವರ ಹೆಸರನ್ನು ಅದಕ್ಕೆ ಆಮೇಲೆ ಇಡಲಾಯಿತು.

ಆ ಕಾಲದ ಆಟಕ್ಕೂ ಬಸ್ಸಿಗೂ ಇದ್ದ ಹೊಂದಾಣಿಕೆ ಯಾರೂ ಯೋಜಿಸಿ ಮಾಡಿದ್ದಲ್ಲ, ಹೊತ್ತು ತಾನಾಗಿಯೇ ಕೂಡಿಸಿಕೊಟ್ಟದ್ದು. ಟೆಸ್ಟ್ ಪಂದ್ಯ ಬೆಳಿಗ್ಗೆ ಆರಂಭವಾಗಿ ಸಂಜೆಯ ಬೆಳಕಿರುವಾಗಲೇ ಮುಗಿಯುತ್ತಿತ್ತು, ಪ್ರೇಕ್ಷಕರು ಎದ್ದುಹೊರಟ ಗಳಿಗೆಯಲ್ಲಿ ನಗರದ ಬಸ್ಸುಗಳು ಹೇಗೂ ಅತಿ ಹೆಚ್ಚಿನ ಸಂಖ್ಯೆಯಲ್ಲಿ ಓಡುತ್ತಿದ್ದವು, ಶಿವಾಜಿನಗರವಂತೂ ನಡೆದು ಸೇರುವ ದೂರ. ಕಾರು ಸ್ಕೂಟರುಗಳು ಕಡಿಮೆಯಿದ್ದ ಆ ನಗರದಲ್ಲಿ ಕ್ರೀಡಾಂಗಣಕ್ಕೆ ವಾಹನ ನಿಲುಗಡೆಯ ಜಾಗ ಬೇಕೆಂಬ ಯೋಚನೆಯೇ ಯಾರಿಗೂ ಒತ್ತಡವಾಗಿ ಬರಲಿಲ್ಲ. ಆ ಜಾಗ ಅಂದು ಬಿಡದೆ ಹೋದದ್ದರಿಂದಲೇ ಇಂದಿಗೂ ಅಲ್ಲಿ ಇಲ್ಲ.

ಹಾಗೆಂದು ದೊಡ್ಡ ಜನಸಂದಣಿಯನ್ನು ಒಯ್ಯುವ ವಿದ್ಯೆ ನಾಡಿನ ಸಾರಿಗೆಗೆ ಗೊತ್ತಿರಲಿಲ್ಲವೆಂದಲ್ಲ. ಆ ವಿದ್ಯೆಯನ್ನು ಅದು ಕಲಿತದ್ದು ಕ್ರೀಡಾಂಗಣದ ಬಾಗಿಲಲ್ಲಲ್ಲ, ಜಾತ್ರೆಯ ಬಯಲಿನಲ್ಲಿ. ಹಾಸನ ಜಿಲ್ಲೆಯ ಮಟ್ಟಿಗೆ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ: ಆಶ್ವಯುಜ ಮಾಸದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ, ಸಕಲೇಶಪುರದ ಸಕಲೇಶ್ವರಸ್ವಾಮಿಯ ತೇರಿಗೆ, ಹನ್ನೆರಡು ವರ್ಷಕ್ಕೊಮ್ಮೆ ಶ್ರವಣಬೆಳಗೊಳದಲ್ಲಿ ನಡೆಯುವ ಮಹಾಮಸ್ತಕಾಭಿಷೇಕಕ್ಕೆ ಸಾರಿಗೆ ಸಂಸ್ಥೆ ಬಿಡುವ ಬಸ್ಸುಗಳಿಗೆ ಜನ 'ಸ್ಪೆಷಲ್' ಎನ್ನುತ್ತಾರೆ. ಸ್ಪೆಷಲ್ ಎಂದರೆ ನಿತ್ಯದ ವೇಳಾಪಟ್ಟಿಯಲ್ಲಿ ಇಲ್ಲದ, ಜನ ತುಂಬಿದೊಡನೆ ಹೊರಡುವ ಬಸ್ಸು. ಅದಕ್ಕೆ ಬೇಕಾದ ಗಾಡಿ, ಚಾಲಕ, ನಿರ್ವಾಹಕರನ್ನು ಡಿಪೋಗಳು ಹಳ್ಳಿಗಳ ನಿತ್ಯದ ಮಾರ್ಗಗಳಿಂದ ಕೆಲವು ದಿನಗಳ ಮಟ್ಟಿಗೆ ಎತ್ತಿಕೊಳ್ಳಬೇಕಾಗುತ್ತದೆ. ಆದ್ದರಿಂದ ಸ್ಪೆಷಲ್‌ಗೆ ಯಾವಾಗಲೂ ಎರಡು ಮುಖ: ಜಾತ್ರೆಗೆ ಹೋಗುವವರಿಗೆ ಅದು ಅನುಕೂಲ, ಅದೇ ದಿನ ಆಸ್ಪತ್ರೆಗೋ ಕಾಲೇಜಿಗೋ ಹೊರಟವರಿಗೆ ಬಾರದ ಬಸ್ಸಿನ ಕಾಯುವಿಕೆ. ಕ್ರೀಡೆಗಾಗಿ ಬಸ್ಸು ಬಿಡುವ ಪದ್ಧತಿ ಬಂದಾಗಲೂ ಈ ಎರಡನೆಯ ಮುಖ ಮರೆಯಾಗಲಿಲ್ಲ.

ಬೆಂಗಳೂರಿನ ಸಾರಿಗೆಯ ಕಥೆಯನ್ನು ನಗರದ ಒಳಗಿನಿಂದಷ್ಟೇ ಹೇಳಿದರೆ ಅದು ಅರ್ಧ ಕಥೆಯಾಗುತ್ತದೆ, ಏಕೆಂದರೆ ದೊಡ್ಡ ಪಂದ್ಯಕ್ಕೆ ಹೊರಗಿನಿಂದಲೂ ಜನ ಬರುತ್ತಾರೆ. ಸಕಲೇಶಪುರ ತಾಲ್ಲೂಕಿನ ಬೆಳಗೋಡು ಹೋಬಳಿಯಿಂದ, ಗದ್ದೆ ಕುಯ್ಲಾದ ಮೇಲೆ ಒಣಗಿದ ಬಯಲಿನಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡಿ ಬೆಳೆದ ಹುಡುಗನಿಗೆ ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಈ ಗುಡ್ಡಗಾಡಿನಲ್ಲಿ ಸಾರಿಗೆಯ ಗಡಿಯಾರವೇ ಬೇರೆ. ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಟು ಹಳ್ಳಿಯನ್ನು ಮುಟ್ಟಿ, ರಾತ್ರಿ ಅಲ್ಲಿಯೇ ತಂಗಿ, ಮುಂಜಾನೆ ಮೊದಲ ಬಸ್ಸಾಗಿ ಹಿಂದಿರುಗುವ ಗಾಡಿಗೆ ನೈಟ್ ಹಾಲ್ಟ್ ಬಸ್ ಎಂದು ಹೆಸರು. ಚಾಲಕ ನಿರ್ವಾಹಕರು ಬಸ್ಸಿನಲ್ಲಿಯೇ ಮಲಗುವುದು ರೂಢಿ. ಆ ಮೊದಲ ಬಸ್ಸು ಹಿಡಿದು ಸಕಲೇಶಪುರ ಇಲ್ಲವೆ ಹಾಸನ ಸೇರಿ, ಅಲ್ಲಿಂದ ಬೆಂಗಳೂರಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಪಂದ್ಯಕ್ಕೆ ಮುಟ್ಟಬಹುದು. ಕಷ್ಟವಿದ್ದದ್ದು ಮರಳುವುದರಲ್ಲಿ. ರೈಲು ಈ ಭಾಗಕ್ಕೆ ತಡವಾಗಿ ಬಂದಿತು: ಹಾಸನದಿಂದ ಸಕಲೇಶಪುರ ಹಾದು ಘಟ್ಟವಿಳಿದು ಮಂಗಳೂರಿಗೆ ಹೋಗುವ ಮೀಟರ್ ಗೇಜ್ ಮಾರ್ಗ, ಅಂದರೆ ಹಳಿಗಳ ನಡುವೆ ಒಂದು ಮೀಟರು ಅಂತರವಿರುವ ಮಾರ್ಗ, 1979ರ ಹೊತ್ತಿಗೆ ಪೂರ್ಣಗೊಂಡಿತು, 1990ರ ದಶಕದಲ್ಲಿ ಅಗಲ ಹಳಿಗೆ ಪರಿವರ್ತಿಸಲು ಘಟ್ಟದ ಭಾಗವನ್ನು ಮುಚ್ಚಲಾಗಿ, ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹಾಸನದಿಂದ ಬೆಂಗಳೂರಿಗೆ ಅರಸೀಕೆರೆಯ ಮೂಲಕ ಸುತ್ತದೆ ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೂಲಕ ನೇರವಾಗಿ ಹೋಗುವ ಮಾರ್ಗವಂತೂ ಪೂರ್ತಿಯಾಗಿ ತೆರೆದದ್ದು 2017ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಮಲೆನಾಡಿನ ಪ್ರೇಕ್ಷಕನ ಪಾಲಿಗೆ ಊರಿಗೆ ಮರಳುವ ದಾರಿ ಎಂದರೆ ಬಹುಮಟ್ಟಿಗೆ ಮೆಜೆಸ್ಟಿಕ್‌ನಿಂದ ಹೊರಡುವ ರಾತ್ರಿ ಬಸ್ಸೇ ಆಗಿತ್ತು.

ಆ ರಾತ್ರಿ ಬಸ್ಸಿನ ಪ್ರಶ್ನೆಯನ್ನು ಮುನ್ನೆಲೆಗೆ ತಂದದ್ದು ಹೊನಲು ಬೆಳಕಿನ ದೀಪಗಳು. 1996ರ ವಿಶ್ವಕಪ್‌ಗಾಗಿ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಎತ್ತರದ ದೀಪಸ್ತಂಭಗಳನ್ನು ಹಾಕಲಾಯಿತು, ಆ ವರ್ಷದ ಮಾರ್ಚ್ 9ರಂದು ಭಾರತ ಮತ್ತು ಪಾಕಿಸ್ತಾನ ತಂಡಗಳ ಕ್ವಾರ್ಟರ್ ಫೈನಲ್ ಪಂದ್ಯ ಆ ಬೆಳಕಿನಲ್ಲಿ ನಡೆಯಿತು. ಕರ್ನಾಟಕದ ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಅನಿಲ್ ಕುಂಬ್ಳೆ ಮೂವರೂ ಆಡಿದ ಆ ಪಂದ್ಯವನ್ನು ಭಾರತ 39 ರನ್ನುಗಳಿಂದ ಗೆದ್ದದ್ದು ಎಲ್ಲರಿಗೂ ನೆನಪಿದೆ. ಆದರೆ ನಗರದ ಇತಿಹಾಸದ ದೃಷ್ಟಿಯಿಂದ ಅಷ್ಟೇ ಮುಖ್ಯವಾದುದು, ಹಗಲಿನಲ್ಲಿ ಆರಂಭವಾಗಿ ರಾತ್ರಿಯಲ್ಲಿ ಮುಗಿಯುವ ಆಟ ಅಲ್ಲಿಂದ ಮುಂದೆ ಬೆಂಗಳೂರಿನ ವಾಡಿಕೆಯಾಯಿತು ಎಂಬುದು. ನಗರದ ಬಸ್ಸುಗಳು ಒಂದೊಂದಾಗಿ ಡಿಪೋಗಳಿಗೆ ಮರಳುವ ಹೊತ್ತಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಒಮ್ಮೆಗೇ ಬೀದಿಗೆ ಬರುತ್ತಿದ್ದರು. ಆಟೋರಿಕ್ಷಾಗಳಲ್ಲಿ ರಾತ್ರಿ ಹತ್ತು ಗಂಟೆಯ ನಂತರ ಮೀಟರಿನ ಮೇಲೆ ಒಂದೂವರೆ ಪಟ್ಟು ಬಾಡಿಗೆ, ಪಂದ್ಯದ ರಾತ್ರಿ ಆ ಲೆಕ್ಕಕ್ಕೂ ಬೆಲೆಯಿರುತ್ತಿರಲಿಲ್ಲ. ಎಂ.ಜಿ. ರಸ್ತೆಯಿಂದ ಮೆಜೆಸ್ಟಿಕ್ ತಲಪುವುದು ಹತ್ತು ನಿಮಿಷ ತಡವಾದರೆ ಹಾಸನದ ಕಡೆಯ ಬಸ್ಸು ತಪ್ಪಿ, ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಬೆಳಗು ಕಾಯಬೇಕಾಗುತ್ತಿತ್ತು. ಪಂದ್ಯದ ಟಿಕೆಟಿಗೆ ಹಣವಿದ್ದವರೆಲ್ಲರಿಗೂ ಪಂದ್ಯದ ಕೊನೆಯ ಓವರನ್ನು ನೋಡಲಾಗುತ್ತಿರಲಿಲ್ಲ. ಅದನ್ನು ತೀರ್ಮಾನಿಸುತ್ತಿದ್ದದ್ದು ಮನೆಯ ದೂರ ಮತ್ತು ಕೊನೆಯ ಬಸ್ಸಿನ ವೇಳೆ. ಹೊನಲು ಬೆಳಕಿನ ಆಟವನ್ನು ತಂದವರು ಸಾರಿಗೆಯ ಈ ಮುಖವನ್ನು ಅಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಮರುವರ್ಷ, 1997ರಲ್ಲಿ, ಕರ್ನಾಟಕ ರಾಷ್ಟ್ರೀಯ ಕ್ರೀಡಾಕೂಟದ ಆತಿಥ್ಯ ವಹಿಸಿತು. ಆ ಕೂಟಕ್ಕಾಗಿ ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮದ ಮನೆಗಳು ಆಮೇಲೆ ನಾಗರಿಕರಿಗೆ ಮಾರಾಟವಾಗಿ ಇಂದಿಗೂ ಎನ್‌ಜಿವಿ ಎಂಬ ಬಡಾವಣೆಯಾಗಿ ಉಳಿದಿವೆ, ಒಳಾಂಗಣ ಕ್ರೀಡಾಂಗಣಗಳೂ ಉಳಿದಿವೆ. ದೆಹಲಿಯಲ್ಲಿ 1982ರ ಏಷ್ಯನ್ ಕ್ರೀಡಾಕೂಟ ಮೇಲ್ಸೇತುವೆಗಳನ್ನು ಬಿಟ್ಟುಹೋದಂತೆ, ಜರ್ಮನಿಯ ಮ್ಯೂನಿಕ್‌ನಲ್ಲಿ 1972ರ ಒಲಿಂಪಿಕ್ಸ್ ಸುರಂಗ ರೈಲನ್ನು ಬಿಟ್ಟುಹೋದಂತೆ, ಬೆಂಗಳೂರಿಗೆ ಆ ಕೂಟದಿಂದ ಸಾರಿಗೆಯ ಶಾಶ್ವತ ಆಸ್ತಿಯೊಂದು ದಕ್ಕಲಿಲ್ಲ. ಅದೇ ವರ್ಷದ ಆಗಸ್ಟ್ 15ರಂದು ಬಿಟಿಎಸ್ ರಾಜ್ಯ ರಸ್ತೆ ಸಾರಿಗೆ ನಿಗಮದಿಂದ ಬೇರ್ಪಟ್ಟು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ಅಂದರೆ ಬಿಎಂಟಿಸಿ, ಎಂಬ ಪ್ರತ್ಯೇಕ ಸಂಸ್ಥೆಯಾದುದು ಆಡಳಿತದ ಕಾರಣಗಳಿಂದ. ಕ್ರೀಡಾಕೂಟಕ್ಕೂ ಅದಕ್ಕೂ ನಂಟಿಲ್ಲ. ಆದರೂ ನಗರದ ಬಸ್ಸುಗಳಿಗೆ ತಮ್ಮದೇ ಆಡಳಿತ ಬಂದದ್ದರಿಂದ, ಮುಂದೆ ಪಂದ್ಯದ ರಾತ್ರಿಗಳಲ್ಲಿ ಕ್ರೀಡಾಂಗಣದಿಂದ ಕಾಡುಗೋಡಿ, ಎಲೆಕ್ಟ್ರಾನಿಕ್ ಸಿಟಿ, ಕೆಂಗೇರಿ, ಯಲಹಂಕ, ನೆಲಮಂಗಲದಂಥ ದೂರದ ಕಡೆಗಳಿಗೆ ವಿಶೇಷ ಬಸ್ಸುಗಳನ್ನು ಬಿಡುವ ಪದ್ಧತಿಗೆ ದಾರಿಯಾಯಿತು.

2008ರ ಏಪ್ರಿಲ್ 18ರಂದು ಐಪಿಎಲ್ ಎಂಬ ಚುಟುಕು ಕ್ರಿಕೆಟ್ ಲೀಗಿನ ಮೊತ್ತಮೊದಲ ಪಂದ್ಯ ಚಿನ್ನಸ್ವಾಮಿಯಲ್ಲೇ ನಡೆಯಿತು. ಅಲ್ಲಿಂದ ಮುಂದೆ ವರ್ಷಕ್ಕೆ ಒಂದೆರಡು ಬಾರಿ ಬರುತ್ತಿದ್ದ ರಾತ್ರಿಯ ಜನಸಂದಣಿ ಬೇಸಗೆಯ ಎರಡು ತಿಂಗಳಲ್ಲಿ ಹಲವು ಬಾರಿ ಬರತೊಡಗಿತು. ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕಸ್ತೂರ್ಬಾ ರಸ್ತೆಗಳಲ್ಲಿ ವಾಹನ ನಿಲ್ಲಿಸಬಾರದೆಂದು ಸಂಚಾರ ಪೊಲೀಸರು ಪ್ರಕಟಣೆ ಹೊರಡಿಸುವುದೂ, ಕಾರು ತಂದವರಿಗೆ ಶಿವಾಜಿನಗರ ಬಸ್ ನಿಲ್ದಾಣದ ಮಹಡಿಯನ್ನು ತೋರಿಸುವುದೂ ವಾಡಿಕೆಯಾಯಿತು. ಬಸ್ಸು ಹತ್ತಬೇಕಾದವರ ನಿಲ್ದಾಣ ಕಾರು ನಿಲ್ಲಿಸುವವರ ಆಸರೆಯೂ ಆದದ್ದು ಆ ಕಾಲದ ನಗರವನ್ನು ಚೆನ್ನಾಗಿ ತೋರಿಸುತ್ತದೆ. ಲೆಕ್ಕವೂ ಸುಲಭವಾದುದೇ. ಸುಮಾರು 35,000 ಪ್ರೇಕ್ಷಕರಲ್ಲಿ ಅರ್ಧದಷ್ಟು ಜನ ಬಸ್ಸನ್ನೇ ನೆಚ್ಚಿದರೂ, ನಿಂತವರನ್ನೂ ಸೇರಿಸಿ ಬಸ್ಸಿಗೆ 60 ಜನರಂತೆ ಹಿಡಿದರೆ, 290ಕ್ಕೂ ಹೆಚ್ಚು ಬಸ್ಸುಗಳು ಬೇಕು. ಅಷ್ಟು ಬಸ್ಸುಗಳನ್ನು ಸಾಲಾಗಿ ನಿಲ್ಲಿಸುವ ಜಾಗ ಆ ಸುತ್ತಿನಲ್ಲಿ ಎಲ್ಲಿಯೂ ಇಲ್ಲ. ಆರು ಬೋಗಿಯ ಮೆಟ್ರೋ ರೈಲೊಂದು ಒಮ್ಮೆಗೆ ಸುಮಾರು ಎರಡು ಸಾವಿರ ಜನರನ್ನು ಒಯ್ಯಬಲ್ಲುದಾದ್ದರಿಂದ ಅದೇ ಜನಕ್ಕೆ ಒಂಬತ್ತು ರೈಲು ಸಾಕು.

ಆ ರೈಲಿಗೆ ಶಂಕುಸ್ಥಾಪನೆ ನಡೆದದ್ದು 2006ರ ಜೂನ್‌ನಲ್ಲಿ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ನಮ್ಮ ಮೆಟ್ರೋದ ಮೊದಲ ತುಂಡು ತೆರೆದಾಗ ಅದು ಕ್ರೀಡಾಂಗಣದ ಹತ್ತಿರಕ್ಕೆ ಬಂದು ನಿಂತಿತು, ಆದರೆ ಪೂರ್ವದ ಕಡೆಯವರಿಗಷ್ಟೇ ಉಪಯೋಗಕ್ಕೆ ಬಂದಿತು. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ಕಡೆಗೆ ಹೋಗುವ ಸುರಂಗ 2016ರ ಏಪ್ರಿಲ್ 30ರಂದು ಪ್ರಯಾಣಿಕರಿಗೆ ತೆರೆದಾಗಲೇ ನಿಜವಾದ ಬದಲಾವಣೆ ಆದದ್ದು. ಒಂದು ತಿಂಗಳು ತುಂಬುವ ಮೊದಲೇ, ಮೇ 29ರಂದು, ಆ ವರ್ಷದ ಐಪಿಎಲ್ ಫೈನಲ್ ಪಂದ್ಯ ಕಬ್ಬನ್ ಪಾರ್ಕ್ ನಿಲ್ದಾಣದ ಎದುರಿಗೇ ನಡೆಯಿತು. ಪಂದ್ಯ ಬಿಟ್ಟವನು ಸಂಚಾರ ದೀಪಗಳ ಹಂಗಿಲ್ಲದೆ ಮೆಜೆಸ್ಟಿಕ್ ಸೇರಬಹುದಾದದ್ದು ಬೆಂಗಳೂರಿನವರಿಗಿಂತಲೂ ಹಾಸನ, ತುಮಕೂರು, ಮೈಸೂರಿನ ಕಡೆಯಿಂದ ಬಂದವರಿಗೆ ದೊಡ್ಡ ಉಪಕಾರ, ಏಕೆಂದರೆ ದೂರದ ಬಸ್ಸೂ ರೈಲೂ ಹೊರಡುವುದು ಅಲ್ಲಿಂದಲೇ.

ಜಪಾನ್ ದೇಶ 1964ರ ಟೋಕಿಯೊ ಒಲಿಂಪಿಕ್ಸ್ ಆರಂಭವಾಗುವ ಒಂಬತ್ತು ದಿನ ಮೊದಲು, ಅಕ್ಟೋಬರ್ 1ರಂದು, ಶಿಂಕಾನ್ಸೆನ್ ಎಂಬ ಅತಿವೇಗದ ರೈಲನ್ನು ಓಡಿಸಿತು. ಅದು ಕೂಟದ ದಿನಾಂಕಕ್ಕೆ ಕಟ್ಟಿಹಾಕಿಕೊಂಡು ಮಾಡಿದ ಕೆಲಸ. ಬೆಂಗಳೂರಿನಲ್ಲಿ ಅಂಥದ್ದೇ ಕೂಡುವಿಕೆ ಒಮ್ಮೆ ಒದಗಿಬಂದಿದೆ: ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗ ಪೂರ್ತಿಯಾಗಿ ತೆರೆದದ್ದು 2023ರ ಅಕ್ಟೋಬರ್ 9ರಂದು, ಆ ವರ್ಷದ ವಿಶ್ವಕಪ್ಪಿನ ಬೆಂಗಳೂರಿನ ಮೊದಲ ಪಂದ್ಯ ಅಕ್ಟೋಬರ್ 20ರಂದು. ಹಲವು ಸಲ ಮುಂದಕ್ಕೆ ಹೋದ ಕಾಮಗಾರಿ ಆ ಹೊತ್ತಿಗೆ ಮುಗಿಯಿತೇ ಹೊರತು ಕ್ರಿಕೆಟ್ಟಿಗಾಗಿ ಮುಗಿಯಲಿಲ್ಲ. ಇದರಲ್ಲಿ ಒಂದು ಒಳ್ಳೆಯದೂ ಇದೆ: ಕೂಟಕ್ಕಾಗಿ ಕಟ್ಟಿದ ಸಾರಿಗೆ ಕೂಟ ಮುಗಿದ ಮೇಲೆ ಬರಿದಾಗುವ ಭಯವಿರುತ್ತದೆ, ನಿತ್ಯದ ಜನಕ್ಕಾಗಿ ಕಟ್ಟಿದ ಸಾರಿಗೆ ಪಂದ್ಯದ ರಾತ್ರಿಗೂ ಒದಗುತ್ತದೆ. ಆದರೆ ಅದು ಒದಗಬೇಕಾದರೆ ಹೊತ್ತು ಮೀರಿಯೂ ಓಡಬೇಕು. ಐಪಿಎಲ್ ಪಂದ್ಯಗಳ ರಾತ್ರಿ ಮೆಟ್ರೋ ನಿಗಮ ಕೊನೆಯ ರೈಲಿನ ವೇಳೆಯನ್ನು ಮುಂದಕ್ಕೆ ಹಾಕಿತು, 2024ರಲ್ಲಿ ಮಧ್ಯಾಹ್ನದಿಂದಲೇ ಎಲ್ಲ ನಿಲ್ದಾಣಗಳಲ್ಲಿ 50 ರೂಪಾಯಿಯ ಕಾಗದದ ಟಿಕೆಟ್ ಮಾರಿತು. ಎಂದಿನಂತೆ ಟೋಕನ್, ಅಂದರೆ ದೂರಕ್ಕೆ ತಕ್ಕ ದರ ಕೊಟ್ಟು ಪಡೆಯುವ ಪ್ಲಾಸ್ಟಿಕ್ ಬಿಲ್ಲೆ, ಕೊಳ್ಳಲು ಪಂದ್ಯ ಬಿಟ್ಟಮೇಲೆ ಸಾಲು ನಿಲ್ಲಬೇಕಾಗುವುದನ್ನು ಈ ಕಾಗದದ ತುಂಡು ತಪ್ಪಿಸಿತು. ರಾತ್ರಿ ಎಂಟರ ನಂತರ ಕಬ್ಬನ್ ಪಾರ್ಕ್ ಇಲ್ಲವೆ ಎಂ.ಜಿ. ರಸ್ತೆಯಿಂದ ಯಾವ ನಿಲ್ದಾಣಕ್ಕಾದರೂ ಅದು ನಡೆಯುತ್ತಿತ್ತು. ಜಾತ್ರೆಯ ಸ್ಪೆಷಲ್‌ನಲ್ಲಿದ್ದ ಬುದ್ಧಿಯೇ ಇಲ್ಲಿ ಸುರಂಗದೊಳಗೆ ಕೆಲಸಕ್ಕೆ ಬಂದಿತ್ತು.

2024ರ ಮಹಿಳಾ ಪ್ರೀಮಿಯರ್ ಲೀಗ್ ಫೆಬ್ರುವರಿ 23ರಂದು ಚಿನ್ನಸ್ವಾಮಿಯಲ್ಲಿ ಆರಂಭವಾಯಿತು. ಅದಕ್ಕೆ ಎಂಟು ತಿಂಗಳು ಹಿಂದೆ, 2023ರ ಜೂನ್ 11ರಿಂದ, ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳ ಸಾಮಾನ್ಯ ಸೇವೆಗಳಲ್ಲಿ ಉಚಿತ ಪ್ರಯಾಣ ಸಿಕ್ಕಿತ್ತು. ಬೆಳಗೋಡಿನ ಕಡೆಯ ಹೆಣ್ಣುಮಗಳೊಬ್ಬಳು ಬಸ್ಸಿನ ಖರ್ಚಿಲ್ಲದೆ ರಾಜಧಾನಿಗೆ ಹೋಗಿ, ಹೆಣ್ಣುಮಕ್ಕಳೇ ಆಡುವ ಪಂದ್ಯವನ್ನು ನೋಡಿ ಬರುವುದು 1974ರ ನಗರಕ್ಕೆ ಕಲ್ಪನೆಗೂ ನಿಲುಕದ ಮಾತಾಗಿತ್ತು. ಅದು ಸಾಧ್ಯವಾದುದನ್ನು ಈ ಇತಿಹಾಸದ ಅತ್ಯಂತ ಸಂತೋಷದ ಪುಟವೆಂದೇ ಎಣಿಸಬೇಕು.

2025ರ ಜೂನ್ 4ರ ಪುಟ ಅದಕ್ಕೆ ತೀರ ವಿರುದ್ಧವಾದುದು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿ ಗೆದ್ದಿತ್ತು. ವಿಜಯೋತ್ಸವಕ್ಕೆಂದು ವಿಧಾನಸೌಧದ ಮುಂದೆಯೂ ಕ್ರೀಡಾಂಗಣದ ಸುತ್ತಲೂ ಸೇರಿದ ಜನಸಾಗರದಲ್ಲಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತವಾಗಿ 11 ಜನ ಪ್ರಾಣ ಕಳೆದುಕೊಂಡರು, ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅಂದು ಮೆಟ್ರೋದಲ್ಲಿ 9.66 ಲಕ್ಷ ಜನ ಪ್ರಯಾಣಿಸಿದ್ದರು, ಅದು ಆವರೆಗಿನ ದಾಖಲೆ. ಸಂಜೆಯ ಹೊತ್ತಿಗೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸುವುದನ್ನೇ ಬಿಡಬೇಕಾಯಿತು. ಸಾರಿಗೆಯ ಇತಿಹಾಸಕಾರರು ಈ ದಿನವನ್ನು ಎಚ್ಚರದಿಂದ ಓದಬೇಕು. ಪಂದ್ಯದ ದಿನದಲ್ಲಿ ಟಿಕೆಟಿನ ಸಂಖ್ಯೆಯೇ ಜನಸಂಖ್ಯೆಗೆ ಮಿತಿ ಹಾಕುತ್ತದೆ, ಜನ ಬರುವುದು ಹಲವು ಗಂಟೆಗಳಲ್ಲಿ ಹರಡಿಕೊಳ್ಳುತ್ತದೆ, ಹೊರಡುವುದೊಂದೇ ಒಮ್ಮೆಗೆ ಆಗುತ್ತದೆ. ಉತ್ಸವದ ದಿನದಲ್ಲಿ ಈ ಮೂರೂ ತಲೆಕೆಳಗಾದವು. ನಗರದ ಮೂಲೆಮೂಲೆಯಿಂದ ಕೆಲವೇ ನಿಮಿಷಗಳಲ್ಲಿ ಜನರನ್ನು ಒಂದೇ ಬಿಂದುವಿಗೆ ತಂದಿಳಿಸುವ ಸಾಮರ್ಥ್ಯ ರೈಲಿಗೆ ಇತ್ತು, ತಂದಿಳಿಸಿದವರನ್ನು ತಾಳಿಕೊಳ್ಳುವ ಅಂಗಳ ಆ ಹಳೆಯ ಮೈದಾನಕ್ಕೆ ಇರಲಿಲ್ಲ. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೇಲ್ ಡಿ'ಕುನ್ಹಾ ಆಯೋಗ, ಆ ಕ್ರೀಡಾಂಗಣದ ರಚನೆ ಭಾರಿ ಜನಸಂದಣಿಗೆ ಸುರಕ್ಷಿತವಲ್ಲವೆಂದು ವರದಿ ಕೊಟ್ಟಿತು. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಆತಿಥ್ಯ ವಹಿಸಬೇಕಿದ್ದ ಬೆಂಗಳೂರಿನ ಬದಲು ನವಿ ಮುಂಬೈಯನ್ನು ಆರಿಸಲಾಯಿತು.

ಆ ದುರಂತದ ಬೆನ್ನಿಗೇ, 2025ರ ಆಗಸ್ಟ್‌ನಲ್ಲಿ, ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾ ಸಂಕೀರ್ಣದ ಪ್ರಸ್ತಾವಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆ ಸಿಕ್ಕಿತು, ಅದೇ ತಿಂಗಳು 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರ್ ಉದ್ದದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಕೆರೆಯಂಗಳಗಳೂ ದಂಡಿನ ಬಯಲೂ ಕೊಟ್ಟಿದ್ದ ಸಾಮೀಪ್ಯವನ್ನು ಬಿಟ್ಟು ಆಟ ಮೊದಲ ಬಾರಿಗೆ ಇಷ್ಟು ದೂರ ಹೊರಟಿದೆ. ಹಾಸನದ ಕಡೆಯಿಂದ ನೆಲಮಂಗಲದ ದಾರಿಯಲ್ಲಿ ಬರುವವರು 2024ರ ನವೆಂಬರಿನಲ್ಲಿ ತೆರೆದ ಮಾದಾವರ ನಿಲ್ದಾಣದಲ್ಲಿ ಹಸಿರು ಮಾರ್ಗದ ರೈಲು ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಬೊಮ್ಮಸಂದ್ರದವರೆಗೆ ಹೋಗಬಹುದು. ಅಲ್ಲಿಂದ ಸೂರ್ಯನಗರಕ್ಕೆ ರಸ್ತೆಯ ಸಾರಿಗೆಯೇ ಗತಿ. ಸಂಕೀರ್ಣದ ನಕ್ಷೆಯ ಜೊತೆಯಲ್ಲೇ ಆ ಉಳಿದ ದಾರಿಯ ನಕ್ಷೆಯೂ, ಮಧ್ಯರಾತ್ರಿಯ ಹೊತ್ತಿಗೆ ಬೊಮ್ಮಸಂದ್ರದಿಂದ ಮಾದಾವರದವರೆಗೆ ಓಡುವ ರೈಲಿನ ವೇಳಾಪಟ್ಟಿಯೂ, ಅಲ್ಲಿಂದ ಹಾಸನ, ಸಕಲೇಶಪುರಗಳ ಕಡೆಗೆ ಹೊರಡುವ ರಾತ್ರಿ ಬಸ್ಸುಗಳ ಏರ್ಪಾಡೂ ಸಿದ್ಧವಾಗಬೇಕು. 1996ರಲ್ಲಿ ದೀಪಸ್ತಂಭಗಳನ್ನು ನೆಟ್ಟಾಗ ಆಗದೆ ಉಳಿದದ್ದು ಈ ಕೆಲಸವೇ, ಅದನ್ನು ಅಡಿಗಲ್ಲಿನ ಹಂತದಲ್ಲಿಯೇ ಮಾಡುವ ಅವಕಾಶ ಈಗ ಇದೆ.